ತಡವಾದ ಮೊಟ್ಟೆಗೆ ಬೇಕಿರೋದು ಕಾವು

ನಾನು ಆವತಿಯವನು ಅಂತ ಆಫೀಸಲ್ಲಿ ಎಲ್ಲರಿಗೂ ಗೊತ್ತು. ಏರ್‌ಪೋರ್ಟ್ ದಾಟಿ, ದೇವನಹಳ್ಳಿನೂ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ ಸಿಗೋ ಊರು. ಬೆಟ್ಟದ ಮೇಲೆ ತಿಮ್ಮರಾಯಸ್ವಾಮಿ ದೇವಸ್ಥಾನ ಇದೆಯಲ್ಲ, ಅದೇ. ಮೊದಲೆಲ್ಲ ಸಹೋದ್ಯೋಗಿಗಳು ನನ್ನನ್ನ ಕೇಳ್ತಿದ್ದದ್ದು ಒಂದೇ: "ನಾಟಿ ಕೋಳಿ ಮೊಟ್ಟೆ ತಂದ್ಕೊಡ್ತೀಯಾ?" ಈಗ ಅವರಲ್ಲೇ ಕೆಲವರು ಊರಿನ ಹಿತ್ತಲಲ್ಲಿ, ಹೊಸದಾಗಿ ಕೊಂಡ ತೋಟದಲ್ಲಿ ನಾಲ್ಕಾರು ಕೋಳಿ ಸಾಕ್ತಿದ್ದಾರೆ. ಹಾಗಾಗಿ ಪ್ರಶ್ನೆಯೂ ಬದಲಾಗಿದೆ.

ರಾತ್ರಿ 11 ಗಂಟೆಗೆ ಫೋನಿಗೆ ಒಂದು ಫೋಟೊ ಬರುತ್ತೆ. ಅಂಗೈ ಮೇಲೆ ಮೊಟ್ಟೆ, ಮೊಟ್ಟೆ ಮೇಲೆ ಸಣ್ಣ ಬಿರುಕು. ಕೆಳಗೆ ಗಾಬರಿ: "21 ದಿನ ಆಯ್ತು. ಒಳಗಿಂದ ಚಿಂವ್ ಚಿಂವ್ ಅಂತಿದೆ. ಉಳಿದವೆಲ್ಲ ಆಚೆ ಬಂದ್ವು, ಇದು ಬರ್ತಿಲ್ಲ. ನಾನೇ ಸಿಪ್ಪೆ ಬಿಡಿಸಿಬಿಡ್ಲಾ?"

ನನ್ನ ಉತ್ತರ ಪ್ರತಿ ಸಲವೂ ಇಷ್ಟೇ: "ಬೇಡ. ಬೆಚ್ಚಗಿಡಿ. ಬೆಳಗ್ಗೆವರೆಗೂ ಕಾಯಿರಿ." ಯಾಕೆ ಅಂತ ಅಷ್ಟು ಹೊತ್ತಲ್ಲಿ ಟೈಪ್ ಮಾಡೋಕಾಗಲ್ಲ. ಅದಕ್ಕೇ ಈ ಸಲದ ಅಂಕಣವನ್ನ ಪೂರ್ತಿ ಆ ತಡವಾದ ಮೊಟ್ಟೆಗೆ ಬಿಟ್ಟುಕೊಡ್ತಿದ್ದೀನಿ.

ಕೋಳಿ ಕಾವಿಗೆ ಕೂತಾಗ

ಈ ವಿಷಯದಲ್ಲಿ ನನಗೆ ಪಾಠ ಹೇಳಿಕೊಟ್ಟದ್ದು ನಮ್ಮ ದೊಡ್ಡಮ್ಮ. ಅರವತ್ತು ದಾಟಿದ್ದಾರೆ. ಹಾಲಿನ ದುಡ್ಡು ಮನೆಗೆ, ಕೋಳಿ ದುಡ್ಡು ತಮಗೆ ಅನ್ನೋದು ಅವರ ಹಳೇ ಲೆಕ್ಕ. ಮೊಮ್ಮಗಳ ಕಾಲ್ಗೆಜ್ಜೆ, ಜಾತ್ರೆ ಖರ್ಚು, ತಮ್ಮ ಮಂಡಿನೋವಿನ ಮಾತ್ರೆ ಎಲ್ಲ ಅದರಲ್ಲೇ. ಯಾರ ಮುಂದೆಯೂ ಕೈ ಚಾಚೋ ಹಾಗಿಲ್ಲ. ಹಾಗಾಗಿ ನಮಗೆ ವೀಕೆಂಡ್ ಮಜಾ ಅನ್ನಿಸೋ ಒಂದು ಬುಟ್ಟಿ ಮೊಟ್ಟೆ ಅವರಿಗೆ ಮುಂದಿನ ಆರು ತಿಂಗಳ ಸಂಪಾದನೆ.

ಹ್ಯಾಟೆ ಕಾವಿಗೆ ಬಂದಿರೋದನ್ನ ಅವರು ದೂರದಿಂದಲೇ ಹೇಳ್ತಾರೆ. ಮೊಟ್ಟೆ ಇಡೋದು ನಿಂತಿರುತ್ತೆ. ಬುಟ್ಟಿ ಬಿಟ್ಟು ಏಳಲ್ಲ. ಹತ್ತಿರ ಹೋದರೆ ರೆಕ್ಕೆಪುಕ್ಕ ಉಬ್ಬಿಸಿ ಕೊರ್ ಅನ್ನುತ್ತೆ, ಕೈ ಹಾಕಿದರೆ ಕುಕ್ಕುತ್ತೆ. ಎದೆಯ ಪುಕ್ಕವನ್ನ ತಾನೇ ಕಿತ್ತುಕೊಂಡಿರುತ್ತೆ, ಬರಿ ಚರ್ಮದ ಬಿಸಿ ನೇರವಾಗಿ ಮೊಟ್ಟೆಗೆ ತಾಗಲಿ ಅಂತ. ಇದೆಲ್ಲದರ ಹಿಂದೆ ಕೆಲಸ ಮಾಡೋದು ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು. ಹಾಲೂಡುವ ತಾಯಂದಿರಲ್ಲಿ ಹಾಲು ಬರಿಸೋದೂ ಅದೇ.

ಎಲ್ಲ ಕೋಳಿಯೂ ಹೀಗೆ ಕೂರಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡಲ್ಲ, ಮೊಟ್ಟೆ ವ್ಯಾಪಾರಕ್ಕೆ ಅದು ನಷ್ಟ. ಅದಕ್ಕೇ ಲೆಗ್‌ಹಾರ್ನ್ ಥರದ ಮೊಟ್ಟೆ ತಳಿಗಳಲ್ಲಿ ಆ ಗುಣವನ್ನ ತಲೆಮಾರಿನಿಂದ ತಲೆಮಾರಿಗೆ ಆಯ್ದು ಆಯ್ದು ಕಳೆದುಬಿಟ್ಟಿದ್ದಾರೆ. ನಾಟಿ ಹ್ಯಾಟೆ ವರ್ಷಕ್ಕೆ ಇಡೋ ಮೊಟ್ಟೆ ಕಮ್ಮಿ, ಆದರೆ ಅದಕ್ಕೆ ತಾಯ್ತನ ಉಳಿದಿದೆ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳ ಮೊಟ್ಟೆ ತಂದು ನಾಟಿ ಹ್ಯಾಟೆ ಕೆಳಗೆ ಮರಿ ಮಾಡಿಸೋರೂ ಇದ್ದಾರೆ. ಮೊಟ್ಟೆ ಯಾರದು ಅಂತ ಕೂತ ಕೋಳಿ ಕೇಳಲ್ಲ.

ದೊಡ್ಡಮ್ಮ ಬಿದಿರು ಬುಟ್ಟಿಗೆ ಬೂದಿ ಚಿಮುಕಿಸಿ (ಹೇನು ಹತ್ತದಿರಲಿ ಅಂತ), ಮೇಲೆ ರಾಗಿ ಹುಲ್ಲು ಹಾಸ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಚೂರು. ಮೊಳೆಯಿಂದ ಏನೂ ಆಗಲ್ಲ ಅಂತ ನಾನು ಹೇಳಿದ್ದೆ. "ಆಗ್ದಿದ್ರೆ ಬುಡು, ಅದೇನು ಅನ್ನ ಕೇಳ್ತದಾ?" ಅಂದರು. ಮೊಳೆ ಈಗಲೂ ಬುಟ್ಟಿಯಲ್ಲಿದೆ.

ಮೊಟ್ಟೆ ಆಯೋದರಲ್ಲಿ ಮಾತ್ರ ಅವರದು ಕಟ್ಟುನಿಟ್ಟು. ಹುಂಜ ಇರೋ ಗುಂಪಿನ ಮೊಟ್ಟೆಯೇ ಆಗಬೇಕು. ಇಟ್ಟು ವಾರ, ಹತ್ತು ದಿನದೊಳಗಿನದಾಗಿರಬೇಕು. ತೊಳೆದಿರಬಾರದು, ಫ್ರಿಜ್ಜಲ್ಲಿ ಇಟ್ಟಿರಬಾರದು. ಒಂದೊಂದಾಗಿ ಸೇರಿಸೋ ಹಾಗಿಲ್ಲ. ಎಲ್ಲವನ್ನೂ ಒಟ್ಟಿಗೆ, ಒಂದೇ ರಾತ್ರಿ ಹ್ಯಾಟೆ ಕೆಳಗೆ ಮಡಗಬೇಕು. ಪ್ರತಿ ಮೊಟ್ಟೆ ಮೇಲೂ ಇದ್ದಿಲಿನಿಂದ ಒಂದು ಗೆರೆ. ಈ ಗೆರೆ ಯಾಕೆ ಅಂತ ಸ್ವಲ್ಪ ಹೊತ್ತಲ್ಲಿ ಗೊತ್ತಾಗುತ್ತೆ.

ಸಿಪ್ಪೆಯೊಳಗಿನ ಕೊನೇ ಎರಡು ದಿನ

ಕೋಳಿಗೆ 21 ದಿನ. ಶನಿವಾರ ರಾತ್ರಿ ಕೂರಿಸಿದರೆ ಮೂರನೇ ಶನಿವಾರಕ್ಕೆ ಲೆಕ್ಕ. ಅಷ್ಟು ದಿನವೂ ತಾಯಿ ಮೊಟ್ಟೆಗಳನ್ನ ಕೊಕ್ಕಿನಿಂದ ಹೊರಳಿಸ್ತಾ, ಅಂಚಿನವನ್ನ ನಡುವಿಗೆ, ನಡುವಿನವನ್ನ ಅಂಚಿಗೆ ಸರಿಸ್ತಾ ಇರುತ್ತೆ. ದಿನಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಎದ್ದು ಮೇವು, ನೀರು ಮುಗಿಸಿ ಮತ್ತೆ ಬಂದು ಕೂರುತ್ತೆ. ಏಳನೇ ದಿನಕ್ಕೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಜೇಡರಬಲೆ ಥರ ಕೆಂಪು ನರ ಕಾಣುತ್ತೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಗೊಡ್ಡು ಮೊಟ್ಟೆ.

ನಮಗೆ ಅರ್ಥ ಆಗಬೇಕಿರೋದು ಕೊನೇ ಎರಡು ದಿನ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಗೂಡು ಇರುತ್ತೆ. 19 ಅಥವಾ 20ನೇ ದಿನ ಮರಿ ಒಳಪೊರೆಯನ್ನ ಕೊಕ್ಕಿನಿಂದ ತೂತು ಮಾಡಿ ಆ ಗಾಳಿಗೆ ಮೂಗು ಚಾಚುತ್ತೆ. ಮೊದಲ ಉಸಿರು ಅಲ್ಲಿ. ಚಿಂವ್ ಅನ್ನೋ ಸದ್ದು ಸಿಪ್ಪೆ ಒಡೆಯೋ ಮುಂಚೆಯೇ ಕೇಳೋದು ಅದಕ್ಕೇ. ಆಮೇಲೆ ಕೊಕ್ಕಿನ ತುದಿಯಲ್ಲಿರೋ ಪುಟ್ಟ ಗಟ್ಟಿ ಮುಳ್ಳಿನಿಂದ ಸಿಪ್ಪೆಗೆ ಹೊಡೆದು ಒಂದು ಬಿರುಕು ಮಾಡುತ್ತೆ.

ಬಿರುಕು ಬಂದ ಮೇಲೆ ಮರಿ ಸುಮ್ಮನಾಗುತ್ತೆ. ಹನ್ನೆರಡು ಗಂಟೆ, ಕೆಲವು ಸಲ ಪೂರ್ತಿ ಒಂದು ದಿನ. ನಮ್ಮ ಕೈ ತುರಿಸೋದು ಈ ಹೊತ್ತಲ್ಲಿ. ಪಾಪ ಸುಸ್ತಾಗಿದೆ, ಸಿಕ್ಕಿಕೊಂಡಿದೆ ಅನ್ನಿಸುತ್ತೆ. ಆದರೆ ಒಳಗೆ ಭಾರೀ ಕೆಲಸ ನಡೀತಿರುತ್ತೆ. ಇಷ್ಟು ದಿನ ಮರಿಗೆ ಗಾಳಿ ಒದಗಿಸಿದ್ದು ಸಿಪ್ಪೆಯ ಒಳಗೋಡೆಗೆ ಅಂಟಿದ ರಕ್ತನಾಳಗಳ ಪೊರೆ. ಈಗ ಉಸಿರಾಟ ಶ್ವಾಸಕೋಶಕ್ಕೆ ಹೋಗಬೇಕು, ಪೊರೆಯಲ್ಲಿರೋ ರಕ್ತ ಮರಿಯ ಮೈಗೆ ವಾಪಸ್ ಬರಬೇಕು, ಉಳಿದ ಹಳದಿ ಹೊಟ್ಟೆಯೊಳಗೆ ಸೇರಿ ಹೊಕ್ಕುಳು ಮುಚ್ಚಬೇಕು. ಅಷ್ಟರಲ್ಲಿ ಸಿಪ್ಪೆ ಬಿಡಿಸಿದರೆ ರಕ್ತ ತುಂಬಿದ ನಾಳವನ್ನೇ ಹರಿದ ಹಾಗೆ. ಅಷ್ಟು ಸಣ್ಣ ಮೈಗೆ ನಾಲ್ಕು ಹನಿ ರಕ್ತ ಹೋದರೂ ಹೆಚ್ಚು.

ಕೆಲಸ ಮುಗಿದ ಮೇಲೆ ಮರಿ ತಿರುಗ್ತಾ ತಿರುಗ್ತಾ ಸಿಪ್ಪೆಯ ಸುತ್ತ ಮುಚ್ಚಳ ಕತ್ತರಿಸಿದ ಹಾಗೆ ಕತ್ತರಿಸಿಕೊಂಡು, ಕಾಲಿಂದ ಒದ್ದು ಆಚೆ ಬರುತ್ತೆ. ಇದಕ್ಕೆ ಒಂದು ಗಂಟೆ ಸಾಕಾಗಬಹುದು. ಕಾಯೋದು ಉದ್ದ, ಒಡೆಯೋದು ಚಿಕ್ಕದು.

ತಾಯಿ ಎದ್ದು ಹೋಗೋದು

ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಹಳದಿ ಉಳಿದಿರುತ್ತಲ್ಲ, ಅದರಲ್ಲಿ ಎರಡು ಮೂರು ದಿನ ಮೇವು ನೀರಿಲ್ಲದೆ ತಡೆಯುತ್ತೆ. ಹ್ಯಾಚರಿಯವರು ಒಂದು ದಿನದ ಮರಿಗಳನ್ನ ಬಾಕ್ಸಲ್ಲಿ ಹಾಕಿ ಊರಿಂದೂರಿಗೆ ಕಳಿಸೋದು ಇದೇ ಧೈರ್ಯದ ಮೇಲೆ. ತಾಯಿಕೋಳಿಗೂ ಇದೇ ಗಡುವು. ಮೊದಲ ಮರಿ ಹುಟ್ಟಿದ ಮೇಲೆ ಒಂದೆರಡು ದಿನ ಉಳಿದ ಮೊಟ್ಟೆಗೆ ಕಾಯುತ್ತೆ. ಆಮೇಲೆ ಹುಟ್ಟಿದ ಮರಿಗಳಿಗೆ ಹಸಿವು. ತಾಯಿ ಬುಟ್ಟಿಯಿಂದ ಇಳಿದು ಅವನ್ನ ಕರ್ಕೊಂಡು ಹೊರಟುಬಿಡುತ್ತೆ. ಹಿಂದೆ ಉಳಿದ ಮೊಟ್ಟೆ ತಣ್ಣಗಾಗುತ್ತೆ.

ಇದನ್ನ ಕಲ್ಲುಮನಸ್ಸು ಅನ್ನೋಕಾಗಲ್ಲ. ಎಂಟು ಬದುಕಿರೋ ಮರಿ ಒಂದು ಕಡೆ, ಮೂರು ಅನುಮಾನದ ಮೊಟ್ಟೆ ಇನ್ನೊಂದು ಕಡೆ. ಯಾರಾದರೂ ಅದನ್ನೇ ಮಾಡಬೇಕು. ಆದರೆ ಆ ಮೂರರಲ್ಲಿ ಜೀವ ಇರಬಹುದು. ನಾವು ಕೈ ಹಾಕಬೇಕಾದ್ದು ಅಲ್ಲಿ.

ಕಳೆದ ಕಾರ್ತಿಕದಲ್ಲಿ ನಮ್ಮನೆಯಲ್ಲಿ ಆದದ್ದೂ ಇದೇ ಲೆಕ್ಕ. ಹನ್ನೊಂದು ಮೊಟ್ಟೆ, ಶನಿವಾರ ರಾತ್ರಿಗೆ ಎಂಟು ಮರಿ. ಭಾನುವಾರ ಸಂಜೆ ಒಂಬತ್ತನೇದಕ್ಕೆ ಬಿರುಕು ಬಂತು. ಸೋಮವಾರ ಬೆಳಗ್ಗೆ ತಾಯಿ ಎಂಟನ್ನೂ ಹಿಂದೆ ಹಾಕ್ಕೊಂಡು ಹಿತ್ತಲಿಗೆ ಇಳೀತು. ನಾನು ಆವತ್ತು ಮನೆಯಿಂದಲೇ ಕೆಲಸ ಮಾಡ್ತಿದ್ದೆ.

ಬುಟ್ಟಿಯಲ್ಲಿ ಮೂರು ಮೊಟ್ಟೆ. ದೊಡ್ಡಮ್ಮ ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿ, ಆಮೇಲೆ ಕಿವಿಗೆ ಹಿಡಿದರು. ಮೊದಲನೇದರ ಮೇಲೆ ಗೆರೆ ಇತ್ತು, ಅಲ್ಲಾಡಿಸಿದರೆ ಒಳಗೆ ಕುಲುಕ್ತಿತ್ತು, ವಾಸನೆ ಬರ್ತಿತ್ತು. ಅದನ್ನ ನುಗ್ಗೆ ಮರದ ಬುಡದಲ್ಲಿ ಹೂತರು. ಎರಡನೇದು ಬಿರುಕು ಬಿಟ್ಟದ್ದು. ಅದರ ಮೇಲೂ ಗೆರೆ, ಒಳಗೆ ಸಣ್ಣ ಸದ್ದು. ಮೂರನೇದಕ್ಕೆ ಬಿರುಕೂ ಇಲ್ಲ, ಗೆರೆಯೂ ಇಲ್ಲ.

ಗೆರೆ ಇಲ್ಲ ಅಂದರೆ ತಾಯಿ ಮೇವಿಗೆ ಎದ್ದಾಗ ಬೇರೆ ಹ್ಯಾಟೆ ಬಂದು ಆಮೇಲೆ ಇಟ್ಟು ಹೋದದ್ದು ಅಂತ ಅರ್ಥ. ಅದರ 21 ದಿನ ಶುರುವಾದದ್ದೇ ತಡ. ತಡವಾದ ಮೊಟ್ಟೆಗಳಲ್ಲಿ ಎಷ್ಟೋ ಹೀಗೆಯೇ. ಅವು ಬಲಹೀನ ಅಲ್ಲ, ಅವುಗಳ ಕ್ಯಾಲೆಂಡರ್ ಬೇರೆ. ಬುಟ್ಟಿಯ ಅಂಚಲ್ಲಿ ಉಳಿದು ಕಾವು ಕಮ್ಮಿ ಸಿಕ್ಕಿದ ಮೊಟ್ಟೆಯೂ ನಿಧಾನಕ್ಕೆ ಬೆಳೆಯುತ್ತೆ. ಇಂಥದ್ದರ ಸಿಪ್ಪೆಯನ್ನ "21 ಆಯ್ತು" ಅಂತ ಒಡೆದರೆ ನೀವು ಒಡೆದದ್ದು 18ನೇ ದಿನದ ಮರಿಯನ್ನ.

ಟಾರ್ಚ್ ಹಿಡಿದೆ. ಮೊಟ್ಟೆ ಪೂರ್ತಿ ಕಪ್ಪು, ಗಾಳಿಗೂಡಿನ ಅಂಚು ಮಾತ್ರ ಮಿಸುಕಿದ ಹಾಗೆ ಕಂಡಿತು. ದೊಡ್ಡಮ್ಮ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಅದನ್ನ ತೇಲಿಬಿಟ್ಟರು. ಮೊಟ್ಟೆ ತಾನಾಗೇ ಒಮ್ಮೆ ಅಲುಗಿತು. ಜೀವ ಇದೆ. (ಈ ನೀರಿನ ಪರೀಕ್ಷೆ ಬಿರುಕಿಲ್ಲದ ಮೊಟ್ಟೆಗೆ ಮಾತ್ರ, ಅದೂ ಅರ್ಧ ನಿಮಿಷ. ಬಿರುಕಿದ್ದರೆ ಒಳಗಿನ ಮರಿ ಮುಳುಗಿ ಸಾಯುತ್ತೆ.)

ಥರ್ಮೋಕೋಲ್ ಡಬ್ಬಿಯ ಕಾವು

ಕಾವಿಗೆ ಕೂತ ಇನ್ನೊಂದು ಕೋಳಿ ಇದ್ದಿದ್ದರೆ ಅದರ ಕೆಳಗೆ ತಳ್ಳಿ ನಿಶ್ಚಿಂತೆಯಿಂದ ಇರಬಹುದಿತ್ತು. ಅದೇ ಎಲ್ಲಕ್ಕಿಂತ ಒಳ್ಳೇ ದಾರಿ. ಆವತ್ತು ಇರಲಿಲ್ಲ. ಒಂದು ಥರ್ಮೋಕೋಲ್ ಡಬ್ಬಿ, ಒಂದು 40 ವ್ಯಾಟಿನ ಹಳೇ ಥರದ ಬಲ್ಬು (ಎಲ್‌ಇಡಿ ಬಿಸಿ ಕೊಡಲ್ಲ), ಗಾಳಿಗೆ ನಾಲ್ಕು ತೂತು, ಮೊಟ್ಟೆಯ ಮಟ್ಟದಲ್ಲಿ ಥರ್ಮಾಮೀಟರ್. 37.5 ರಿಂದ 38 ಡಿಗ್ರಿ ಇರಬೇಕು. ಬಲ್ಬು ಥರ್ಮೋಕೋಲಿಗೂ ಬಟ್ಟೆಗೂ ತಾಗಬಾರದು. ಮೂಲೆಯಲ್ಲಿ ಒಂದು ಬಟ್ಟಲು ನೀರು, ಅದರಲ್ಲಿ ಅದ್ದಿದ ಬಟ್ಟೆ. ಕೊನೇ ದಿನಗಳಲ್ಲಿ ತೇವಾಂಶ ಶೇಕಡಾ 65-70 ಇದ್ದರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳಲ್ಲ.

ಕೋಳಿ ಇಲ್ಲದೆ ಮರಿ ಮಾಡೋ ಆಸೆ ಹೊಸದೇನಲ್ಲ. ಈಜಿಪ್ಟಿನಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ದೊಡ್ಡ ಗೂಡು ಕಟ್ಟಿ, ಸಗಣಿಯಂಥ ಉರುವಲಿನ ಮಂದ ಬೆಂಕಿಯಲ್ಲಿ ಸಾವಿರಾರು ಮೊಟ್ಟೆಗೆ ಒಟ್ಟಿಗೆ ಕಾವು ಕೊಡ್ತಿದ್ದರು. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನ ಕಣ್ಣುರೆಪ್ಪೆಗೆ ಒತ್ತಿ ಬಿಸಿ ಅಂದಾಜು ಮಾಡ್ತಿದ್ದರಂತೆ. 1749ರಲ್ಲಿ ಫ್ರಾನ್ಸಿನ ವಿಜ್ಞಾನಿ ರಿಯೋಮ್ಯೂರ್ ಇದರ ಬಗ್ಗೆ ಒಂದು ಇಡೀ ಪುಸ್ತಕ ಬರೆದ. ಆ ಗೂಡುಗಳ ಬಗ್ಗೆ ಓದಿದಾಗ ದೊಡ್ಡಮ್ಮನ ಕೆನ್ನೆ ನೆನಪಾಯಿತು. ನಿಮ್ಮತ್ರ ಥರ್ಮಾಮೀಟರ್ ಇಲ್ಲದಿದ್ದರೂ ಮೊಟ್ಟೆ ಕೆನ್ನೆಗೆ ತಣ್ಣಗನ್ನಿಸಬಾರದು, ಸುಡಲೂಬಾರದು.

ಸಂಜೆ 6ಕ್ಕೆ ಕರೆಂಟ್ ಹೋಯಿತು. ಎರಡು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮೊಟ್ಟೆಗಳ ಎರಡೂ ಪಕ್ಕ ಇಟ್ಟು ಮುಚ್ಚಳ ಹಾಕಿದೆವು. ಮುಕ್ಕಾಲು ಗಂಟೆಗೊಮ್ಮೆ ನೀರು ಬದಲಿಸೋದು. ಕ್ಲೈಂಟ್ ಕಾಲ್ ಬಂದಾಗ ಕ್ಯಾಮೆರಾ ಆಫ್ ಮಾಡಿ ಮಾತಾಡಿದೆ. ಹಿಂದೆ ಚಿಂವ್ ಅಂದದ್ದನ್ನ ಯಾರೋ ಕೇಳಿಸಿಕೊಂಡು, "ನಿಮ್ಮ ಸ್ಮೋಕ್ ಅಲಾರ್ಮ್ ಬ್ಯಾಟರಿ ಮುಗಿದಿರಬೇಕು" ಅಂದರು. ಇರಬಹುದು ಅಂದೆ.

ಅಷ್ಟು ಹೊತ್ತಿಗೆ ಬಿರುಕು ಬಂದು 24 ಗಂಟೆ ಆಗಿತ್ತು, ಮುಂದುವರಿದಿರಲಿಲ್ಲ. ತೂತಿನ ಸುತ್ತ ಬಿಳಿ ಪೊರೆ ಕಂದಾಗಿ ಕಾಗದದ ಥರ ಒಣಗಿತ್ತು. ಕೈ ಹಾಕಬಹುದಾದ ಸಂದರ್ಭ ಇದೊಂದೇ, ಅದಕ್ಕೂ ಮಿತಿ ಇದೆ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಒಣಗಿದ ಪೊರೆಯನ್ನ ಒದ್ದೆ ಮಾಡಬೇಕು, ಕೊಕ್ಕಿನ ತೂತಿಗೆ ನೀರು ಹೋಗಬಾರದು. ಒದ್ದೆಯಾದ ಪೊರೆ ಪಾರದರ್ಶಕ ಆಗುತ್ತೆ. ಅದರಲ್ಲಿ ಕೆಂಪು ನರ ಕಂಡರೆ ಮುಚ್ಚಿಟ್ಟು ಮತ್ತೆ ಕಾಯಬೇಕು. ಕಾಣದಿದ್ದರೆ ದಪ್ಪ ತುದಿಯ ಗಾಳಿಗೂಡಿನ ಮೇಲಿನ ಸಿಪ್ಪೆಯನ್ನಷ್ಟೇ ಅಕ್ಕಿಕಾಳಿನಷ್ಟು ಚೂರು ಚೂರಾಗಿ ತೆಗೀಬಹುದು. ಒಂದು ಹನಿ ರಕ್ತ ಕಂಡರೂ ಅಲ್ಲಿಗೇ ನಿಲ್ಲಿಸಬೇಕು. ಕೊನೆಯ ಒದೆ ಮರಿಯದ್ದೇ ಆಗಿರಬೇಕು.

ನಾವು ಪೊರೆ ಒದ್ದೆ ಮಾಡಿದೆವು ಅಷ್ಟೇ. ರಾತ್ರಿ 11ರ ಹೊತ್ತಿಗೆ ಅದೇ ಮುಚ್ಚಳ ಕತ್ತರಿಸಿಕೊಂಡು ಆಚೆ ಬಂತು. ಬೆಳಗ್ಗೆ ಒಣಗಿ ಹತ್ತಿಯುಂಡೆ ಆಗಿತ್ತು. ಮಂಗಳವಾರ ರಾತ್ರಿ, ಕತ್ತಲಾದ ಮೇಲೆ ದೊಡ್ಡಮ್ಮ ಅದನ್ನ ತಾಯಿಯ ರೆಕ್ಕೆ ಕೆಳಗೆ ತಳ್ಳಿದರು. ಕತ್ತಲಲ್ಲೇ ಯಾಕೆ ಅಂದರೆ, ಹಗಲಲ್ಲಿ ಹೊಸ ಮರಿ ಕಂಡರೆ ತಾಯಿ ಕುಕ್ಕಿ ಓಡಿಸಬಹುದು. ಬೆಳಗ್ಗೆ ರೆಕ್ಕೆ ಕೆಳಗಿಂದಲೇ ಎದ್ದು ಬಂದದ್ದು ತನ್ನದೇ ಅಂದುಕೊಳ್ಳುತ್ತೆ. ಒಂಬತ್ತನೇ ಮರಿಯಾಗಿ ಅದು ಸೇರಿಕೊಂಡಿತು.

ಗೆರೆ ಇಲ್ಲದ ಮೊಟ್ಟೆಗೆ ಮಂಗಳವಾರ ರಾತ್ರಿ ಬಿರುಕು ಬಂತು. ಬುಧವಾರ ಸಂಜೆ, ಯಾರ ಸಹಾಯವೂ ಇಲ್ಲದೆ, ಮರಿ ಆಚೆ ಬಂತು. ಅದನ್ನೂ ಗುರುವಾರ ರಾತ್ರಿ ತಾಯಿ ಕೆಳಗೆ ಬಿಟ್ಟೆವು. ಆದರೆ ಉಳಿದವಕ್ಕೆ ಆಗಲೇ ಐದು ದಿನ, ಹಿತ್ತಲೆಲ್ಲ ಓಡಾಡೋ ವಯಸ್ಸು. ಇದು ಎರಡು ಹೆಜ್ಜೆಗೊಮ್ಮೆ ಕೂರ್ತಿತ್ತು. ಶುಕ್ರವಾರ ಬೆಳಗ್ಗೆ ತಾಯಿ ಅದರ ತಲೆಗೆ ಎರಡು ಸಲ ಕುಕ್ಕಿತು. ದೊಡ್ಡಮ್ಮ ಎತ್ತಿ ತಂದು ಅಡುಗೆಮನೆ ಮೂಲೆಯ ಕುಕ್ಕೆಯಲ್ಲಿ ಬಿಟ್ಟರು. ಬಿಸಿನೀರ ಬಾಟಲಿ, ಹಳೇ ಉಲ್ಲನ್ ಟೋಪಿ, ಅಕ್ಕಿ ನುಚ್ಚು, ಮುಳುಗದಿರಲಿ ಅಂತ ಕಲ್ಲು ಹಾಕಿದ ನೀರಿನ ತಟ್ಟೆ.

ಇಷ್ಟೆಲ್ಲ ಒಂದು ಮರಿಗೆ ಬೇಕಿತ್ತಾ ಅಂತ ಕೇಳಿದೆ. "ಕೂಗ್ತಿತ್ತಲ್ಲೋ ಮಗಾ. ಕೂಗೋದನ್ನ ಎಂಗೆ ಬುಟ್ಬುಡಾದು?" ಅಂದರು.

ಉಳಿಸಿದ್ದು ಉಳೀಬೇಕಾದರೆ

ಆದರೂ ದೊಡ್ಡಮ್ಮ ಲೆಕ್ಕ ಮರೆಯೋರಲ್ಲ. "ಅತ್ತು ಮರೀಲಿ ಐದು ದೊಡ್ಡದಾದ್ರೆ ನಮ್ ಪುಣ್ಯ" ಅಂತಾರೆ. ಮೊಟ್ಟೆಯಲ್ಲಿ ಕಳೆದುಕೊಳ್ಳೋದಕ್ಕಿಂತ ಹೆಚ್ಚು ಆಮೇಲೆ ಹೋಗೋದು. ಹದ್ದು, ಕಾಗೆ, ಬೆಕ್ಕು, ಮುಂಗುಸಿ. ಎಲ್ಲಕ್ಕಿಂತ ದೊಡ್ಡದು ಕೊಕ್ಕರೆ ರೋಗ. ಬಂತು ಅಂದರೆ ಬೀದಿಗೆ ಬೀದಿಯೇ ಕೋಳಿ ಖಾಲಿ. ಇದಕ್ಕೆ ಲಸಿಕೆ ಇದೆ. 5ರಿಂದ 7 ದಿನದ ಮರಿಯ ಕಣ್ಣಿಗೋ ಮೂಗಿಗೋ ಒಂದು ಹನಿ. ತೊಡಕು ಏನಂದರೆ ಒಂದು ಶೀಶೆಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಮರಿಗಾಗುವಷ್ಟು ಇರುತ್ತೆ, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗೆ ಯಾರು ತರ್ತಾರೆ ಅಂತ ಎಲ್ಲರೂ ಸುಮ್ಮನಿರ್ತಾರೆ.

ನಮ್ಮ ಬೀದಿಯಲ್ಲಿ ಈಗ ಏಳು ಮನೆಯವರು ಒಟ್ಟಿಗೆ ಕೋಳಿ ಕೂರಿಸ್ತಾರೆ. ಒಂದೇ ವಾರದಲ್ಲಿ ಎಲ್ಲರ ಮರಿ ಹುಟ್ಟುತ್ತೆ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಒಂದು ಶೀಶೆ ತಂದು ಎಲ್ಲರ ಮರಿಗೂ ಒಂದೇ ಬೆಳಗ್ಗೆ ಹಾಕಿಸ್ತೀವಿ. ದಿನಾಂಕ ನೆನಪಿಸೋ ಕೆಲಸ ನನ್ನ ಫೋನಿಂದು. ಒಟ್ಟಿಗೆ ಕೂರಿಸೋದರಲ್ಲಿ ಇನ್ನೊಂದು ಲಾಭ ಇದೆ: ತಾಯಿ ಎದ್ದು ಹೋದ ಮೊಟ್ಟೆಯನ್ನ ಪಕ್ಕದ ಮನೆಯ ಹ್ಯಾಟೆ ಕೆಳಗೆ ಮಡಗಬಹುದು. ಥರ್ಮೋಕೋಲ್ ಡಬ್ಬಿ ಈಗ ಅಟ್ಟದ ಮೇಲಿದೆ.

ನಮ್ಮ ಸುತ್ತಮುತ್ತ ಹೊಲಗಳಲ್ಲಿ ಸೈಟಿನ ಕಲ್ಲು ನೆಡೋದು ನಿಂತಿಲ್ಲ. ಹಿತ್ತಲು ಚಿಕ್ಕದಾಗ್ತಿದೆ. ಏಳು ಮನೆ ಮುಂದಿನ ವರ್ಷ ಐದಾಗಬಹುದು. ಹಿತ್ತಲು ಇರೋವರೆಗೂ ದೊಡ್ಡಮ್ಮ ಕೋಳಿ ಕೂರಿಸೋದು ಬಿಡಲ್ಲ. ತಮ್ಮ ದುಡ್ಡು ತಮ್ಮ ಸೆರಗಲ್ಲಿರಬೇಕು ಅನ್ನೋ ಹಟ ಅದು.

ನೀವೂ ಕೂರಿಸೋರಿದ್ದರೆ ಮೂರು ಕೆಲಸ ಮಾಡಿ. ಕೂರಿಸಿದ ದಿನಾಂಕ ಗೋಡೆ ಕ್ಯಾಲೆಂಡರಲ್ಲಿ ಬರೆಯಿರಿ. ಮೊಟ್ಟೆಗೆಲ್ಲ ಗೆರೆ ಎಳೆದು, ಗೆರೆ ಇಲ್ಲದ್ದು ಕಂಡರೆ ದಿನದಿನವೂ ಎತ್ತಿಬಿಡಿ. 19ನೇ ದಿನವೇ ಒಂದು ಡಬ್ಬಿ, ಒಂದು ಬಲ್ಬು, ಎರಡು ಬಾಟಲಿ ಸಿದ್ಧ ಇಟ್ಟುಕೊಳ್ಳಿ. ಬಿರುಕು ಕಂಡರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು ಮಲಗಿ. ರಾತ್ರಿ 11ಕ್ಕೆ ನನಗೆ ಫೋಟೊ ಕಳಿಸೋದೇನೂ ತಪ್ಪಲ್ಲ, ಉತ್ತರ ಏನು ಅಂತ ನಿಮಗೆ ಈಗಲೇ ಗೊತ್ತು.